ಅಪ್ಪ, ಜೆಸಿಬಿಗೆ ಹೇಳೋಕೆ ಮುಂಚೆ ಇದನ್ನ ಓದು

ಉಪ್ಸಾಲಾ, ಸ್ವೀಡನ್
ಸೆಪ್ಟೆಂಬರ್, ಭಾನುವಾರ

ಅಪ್ಪ, ಆಯಿ, ಇಬ್ಬರಿಗೂ ನಮಸ್ಕಾರ.

ಮೊನ್ನೆ ಫೋನಲ್ಲಿ ನೀನು ಮಳೆ ಬಿಟ್ಟಮೇಲೆ ಜೆಸಿಬಿ ತರಿಸಿ ಸೊಪ್ಪು ತರೋ ನಮ್ಮ ಬೆಟ್ಟದ ಕಾಡಿನ ಮೇಲ್ಮಣ್ಣು ಕೆರೆಸಿ ಅಡಿಕೆ ತೋಟಕ್ಕೆ ಹಾಕಿಸ್ತೇನೆ ಅಂದೆ. ನೆಟ್‌ವರ್ಕ್ ಕಟ್ ಆಗ್ತಿತ್ತು, ನಾನು ಹೂಂ ಅಂದು ಇಟ್ಟೆ, ಆಮೇಲೆ ಎರಡು ದಿನದಿಂದ ಅದೇ ತಲೇಲಿ. ಫೋನಲ್ಲಿ ಹೇಳಿ ಮುಗಿಯೋದಲ್ಲ ಇದು. ಊಟ ಆದ್ಮೇಲೆ ಜಗಲಿ ಮೇಲೆ ಕೂತು ಓದು, ಆಯಿಗೂ ಓದಿ ಹೇಳು.

ನನ್ನ ಕೆಲಸ ಏನು ಅಂತ ಕೇಳಿದವ್ರಿಗೆ "ಕಾಡಲ್ಲಿ ಗುಂಡಿ ತೆಗಿತಾಳೆ" ಅಂತೀಯಂತೆ, ಅದು ಸರಿನೇ. ಸ್ವೀಡನ್ನಿನವ್ರು 1923ರಿಂದ ದೇಶದ ಇಡೀ ಕಾಡನ್ನ ಲೆಕ್ಕ ಹಾಕ್ತಾ ಬಂದಿದ್ದಾರೆ, ಈಗ ಅದರ ಜೊತೆಗೇ ಕಾಡಿನ ಮಣ್ಣಿನ ಲೆಕ್ಕನೂ ನಡೀತದೆ. ಮ್ಯಾಪಲ್ಲಿ ಮೊದಲೇ ಗುರುತು ಮಾಡಿದ ಜಾಗ ಇರ್ತದೆ, ಜಿಪಿಎಸ್ ಹಿಡ್ಕೊಂಡು ಅಲ್ಲಿಗೇ ಹೋಗ್ಬೇಕು, ಕೆಸರಿರಲಿ ಕಲ್ಲಿರಲಿ. ಅಗೆಯೋಕೆ ಸುಲಭ ಅಂತ ಹತ್ತು ಹೆಜ್ಜೆ ಪಕ್ಕಕ್ಕೆ ಸರಿದ್ರೂ ಲೆಕ್ಕ ಸುಳ್ಳಾಗ್ತದೆ. ನಮ್ಮ ತೋಟದ ಮಣ್ಣು ಟೆಸ್ಟ್ ಮಾಡ್ಸಿದಾಗ ಬಂದವ್ರು ದಾರಿ ಪಕ್ಕ ಒಂದೇ ಕಡೆ ಒಂದು ಮುಷ್ಟಿ ತುಂಬ್ಕೊಂಡು ಹೋಗಿ ಇಡೀ ತೋಟಕ್ಕೆ ಒಂದೇ ಚೀಟಿ ಕೊಟ್ಟಿದ್ರಲ್ಲ, ನಂಗೆ ಆ ಬೇಜಾರು ಇನ್ನೂ ಹೋಗಿಲ್ಲ.

ಹೋದ ವಾರದ ಒಂದು ಗುಂಡಿ ಬಗ್ಗೆ ಹೇಳ್ತೇನೆ. ಪೈನ್ ಕಾಡು, ನೆಲದ ತುಂಬ ಬ್ಲೂಬೆರಿ ಗಿಡ, ಮೊಣಕಾಲಿಗೂ ಬರೋದಿಲ್ಲ. ಪಾಚಿನ ಕಂಬಳಿ ಎತ್ತಿದ ಹಾಗೆ ಎತ್ತಿದೆ. ಅದರಡಿ ನಾಲ್ಕು ಬೆರಳು ದಪ್ಪ ಕಪ್ಪು ಪದರ, ಅರ್ಧ ಕೊಳೆತ ಎಲೆ, ಕೂದಲಿನಂಥ ಬೇರು. ಅದರ ಕೆಳಗೆ ಒಮ್ಮೆಲೇ ಬೂದಿ! ಬಚ್ಚಲ ಒಲೆ ಬೂದಿ ತಂದು ಹರಡಿದ ಹಾಗೆ ಬಿಳಿಚಿದ ಮಣ್ಣು, ಅದರ ಕೆಳಗೆ ಕೆಂಪು, ಜೋನಿಬೆಲ್ಲದ ಬಣ್ಣ, ಕೆಳಕೆಳಗೆ ಹೋದಹಾಗೆ ಮಾಸಿ ಹಳದಿ ಆಗ್ತದೆ. ಇದಕ್ಕೆ ಪಾಡ್ಜಾಲ್ ಅಂತ ಹೆಸರು, ರಷ್ಯನ್ ಮಾತು, ಬೂದಿಯ ಅಡಿ ಅಂತ ಅರ್ಥ. ಇಲ್ಲಿಯವ್ರು ಕೆಂಪು ಪದರಕ್ಕೆ ರೋಸ್ಟ್‌ಯೂರ್ಡ್ ಅಂತಾರೆ, ತುಕ್ಕು ಮಣ್ಣು. ಪೈನ್ ಎಲೆ ಕೊಳೆತಾಗ ಹುಳಿ ಬಿಡ್ತದೆ, ಆ ಹುಳಿ ನೀರಿನ ಜೊತೆ ಇಳಿದು ಮೇಲಿನ ಕಬ್ಬಿಣ, ಅಲ್ಯೂಮಿನಿಯಂ ಎಲ್ಲ ತೊಳೆದು ಒಯ್ದು ಕೆಳಗೆ ಕೂರಿಸ್ತದೆ.

ನಮ್ಮಲ್ಲಿ ಇದರ ಉಲ್ಟಾ ಅಪ್ಪ. ನಮ್ಮ ಮಳೆಗೆ, ಸೆಕೆಗೆ ತೊಳೆದು ಹೋಗಿದ್ದು ಸಿಲಿಕಾ, ಸುಣ್ಣ, ಪೊಟ್ಯಾಷ್, ಉಳಿದಿದ್ದು ಕಬ್ಬಿಣ ಮತ್ತೆ ಅಲ್ಯೂಮಿನಿಯಂ. ಅದೇ ಚಿರೆಕಲ್ಲು. 1800-01ರಲ್ಲಿ ಬುಕಾನನ್ ಅಂತ ಒಬ್ಬ ಡಾಕ್ಟ್ರು ನಮ್ಮ ಶಿರಸಿ ಕಡೆನೂ ಓಡಾಡಿ ಹೋಗಿದ್ದ, ಅವನೇ ಕೇರಳದ ಅಂಗಡಿಪುರಂನಲ್ಲಿ ಈ ಕಲ್ಲು ನೋಡಿ ಇಟ್ಟಿಗೆಯ ಲ್ಯಾಟಿನ್ ಹೆಸರಿಂದ ಲ್ಯಾಟರೈಟ್ ಅಂತ ಕರೆದಿದ್ದು, 1807ರ ಪುಸ್ತಕದಲ್ಲಿದೆ. ಹಸಿ ಇದ್ದಾಗ ಕಡಿಯೋಕೆ ಬರ್ತದೆ, ಗಾಳಿ ಬಿಸಿಲು ತಾಗಿದ್ರೆ ಗಟ್ಟಿ ಆಗ್ತದೆ, ನಮ್ಮ ಕೊಟ್ಟಿಗೆ ಗೋಡೆ ಕಟ್ಟಿಸಿದ ನಿಂಗೆ ಇದು ನನಗಿಂತ ಚೆನ್ನಾಗಿ ಗೊತ್ತು. ನಂಗೆ ಹೆದರಿಕೆ ಇರೋದು ಇಲ್ಲೇ. ಬೆಟ್ಟದ ಮೇಲೆ ಉದುರಿ ಬಿದ್ದ ಒಣ ಎಲೆಯ ದರಕು, ಕಪ್ಪು ಮಣ್ಣು ಕೆರೆದು ತೆಗೆದ್ರೆ ಕೆಳಗಿಂದಕ್ಕೆ ಬಿಸಿಲು ತಾಗ್ತದೆ, ಅದು ಗಟ್ಟಿ ಆದ್ರೆ ಅಲ್ಲಿ ಮತ್ತಿ, ಹೊನ್ನೆ ಮರ ಏಳೋದಿಲ್ಲ, ಸೊಪ್ಪು ಎಲ್ಲಿಂದ ತರ್ತೀಯ?

ಇಲ್ಲಿಯ ಮಣ್ಣು ಹಿಮಯುಗದ ಹಿಮ ಕರಗಿದ ಮೇಲೆ ಆಗಿದ್ದು, ಹೆಚ್ಚುಕಮ್ಮಿ ಹತ್ತು ಸಾವಿರ ವರ್ಷ. ಗುದ್ದಲಿ ಹಾಕಿದಲ್ಲೆಲ್ಲ ಕಲ್ಲು, ಅದು ಇನ್ನೂ ನಿಧಾನ ಕರಗ್ತಾ ಗಿಡಕ್ಕೆ ಏನಾದ್ರೂ ಕೊಡ್ತಾ ಇರ್ತದೆ. ನಮ್ಮದು ಲಕ್ಷಾಂತರ ವರ್ಷ ಮಳೆಗೆ ನೆಂದ ಮಣ್ಣು, ಕಲ್ಲಿಂದ ಬರೋದೆಲ್ಲ ಬಂದಾಗಿದೆ, ಈಗ ಸತ್ವ ಇರೋದು ಮೇಲಿನ ಆ ಒಂದು ಗೇಣಲ್ಲಿ. ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಅಂತ ಹಿಂದಿನವ್ರು ಇಟ್ಟಿದ್ದು ಸುಮ್ನೆ ಅಲ್ಲ. ಅಷ್ಟು ಕಾಡಿನ ಎಲೆ ಬಿದ್ರೆ ಮಾತ್ರ ಒಂದೆಕರೆ ಅಡಿಕೆ ನಡೀತದೆ. ಹಕ್ಕಿರೋದೂ ಸೊಪ್ಪು ದರಕಿಗೆ, ಮಣ್ಣಿಗಲ್ಲ.

ಮತ್ತೆ ಆ ಧರೆ, ಬೆಟ್ಟದ ಬುಡದ ಕಡಿದಾದ ಮಣ್ಣಿನ ಗೋಡೆ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿ ಎಷ್ಟು ತೋಟ ಹೋಯ್ತು ಅಂತ ನಾವೇ ನೋಡಿದ್ದೇವಲ್ಲ. ನಮ್ಮ ಧರೆ ಬುಡ ಕಡಿಸೋ ಯೋಚನೆ ಇದ್ರೆ ದಯವಿಟ್ಟು ಬೇಡ.

ಸರ್ಕಾರದ ಮಣ್ಣಿನ ಮ್ಯಾಪ್ ನೋಡಿದ್ರಾಯ್ತಲ್ಲ ಅಂತೀಯೇನೋ. ನಾಗಪುರದ ಮಣ್ಣು ಸಮೀಕ್ಷೆ ಸಂಸ್ಥೆಯವ್ರು ಮಾಡಿದ ಕರ್ನಾಟಕದ ಮ್ಯಾಪಿದೆ, ದೊಡ್ಡ ಕೆಲಸ ಅದು, ಆದ್ರೆ ಅಳತೆ 1:2,50,000, ಅಂದ್ರೆ ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರು, ನಮ್ಮ ಮನೆ ತೋಟ ಬೆಟ್ಟ ಎಲ್ಲ ಸೇರಿ ನನ್ನ ಕಿರುಬೆರಳ ಉಗುರಿನ ಅಡಿ ಮುಚ್ಚಿ ಹೋಗ್ತದೆ. ಇಲ್ಲಿ ವಿಮಾನದಿಂದ ಲೇಸರ್ ಹಾಕಿ ನೆಲದ ಏರುತಗ್ಗು ಅಳೆದು, ಕಾಡಲ್ಲಿ ನಡೆದವ್ರು ಬರೆದಿಟ್ಟ ಲೆಕ್ಕನ ಕಂಪ್ಯೂಟರಿಗೆ ಕಲಿಸಿ, ಎರಡೆರಡು ಮೀಟರಿಗೆ ಎಲ್ಲಿ ಜೌಗು ಎಲ್ಲಿ ಒಣ ಅಂತ ಇಡೀ ದೇಶದ ಮ್ಯಾಪ್ ಮಾಡಿದ್ದಾರೆ. ನಮ್ಮ ಕಾಡಿಗೂ ಅಂಥದ್ದು ಬೇಕು, ನಾನು ಕಲೀತಾ ಇರೋದೂ ಅದಕ್ಕೇ.

ಊರಿಂದ ತಂದ ಬಿಳಿ ಟವೆಲ್ ಅಂಚಲ್ಲಿ ನಮ್ಮ ಮಣ್ಣಿನ ಆ ಕೆಂಪು ಕಲೆ ಹಾಗೇ ಇದೆ, ಎಷ್ಟು ಒಗೆದ್ರೂ ಹೋಗಿಲ್ಲ ಆಯಿ. ಮಣ್ಣಿನ ಬಣ್ಣ ಹೊಂದಿಸಿ ನೋಡೋ ಮನ್ಸೆಲ್ ಪುಸ್ತಕ ಪಕ್ಕಕ್ಕಿಟ್ಟು ನೋಡಿದೆ, 2.5 ವೈಆರ್ ಅನ್ನೋ ಕೆಂಪು ಬಣ್ಣದ ಪುಟದಲ್ಲಿ ಸಿಕ್ತು. ಇಲ್ಲಿ ಕೆಲಸದ ಮೇಲೆ ಆ ಪುಟ ತೆಗೆಯೋ ಪ್ರಸಂಗ ನಂಗೆ ಈವರೆಗೆ ಬಂದಿರಲಿಲ್ಲ.

ಈಗ ಒಂದು ಕೆಲಸ ಮಾಡು. ಜೆಸಿಬಿಯವ್ನಿಗೆ ಒಂದು ತಿಂಗಳು ತಡಿ ಅನ್ನು. ತಮ್ಮನ ಕರ್ಕೊಂಡು ಮೂರು ಗುಂಡಿ ತೆಗಿ, ಬೆಟ್ಟದ ನೆತ್ತಿ, ನಡು, ಧರೆ ಮೇಲ್ಗಡೆ ಸ್ವಲ್ಪ ದೂರ ಬಿಟ್ಟು ಒಂದು, ಸೊಂಟದ ಆಳ ಸಾಕು. ಒಂದು ಗೋಡೆ ನೀಟಾಗಿ ಕೆತ್ತಿ ಟೇಪ್ ಇಟ್ಟು, ಪಕ್ಕ ಒಂದು ಬಿಳಿ ಹಾಳೆ ಹಿಡಿದು ನೆರಳಲ್ಲಿ ಫೋಟೋ ತೆಗಿ. ಕಪ್ಪು ಎಷ್ಟು ಇಂಚು, ಚಿರೆಕಲ್ಲು ಎಷ್ಟಕ್ಕೆ ಸಿಕ್ತು ಬರೆದು ಕಳ್ಸು. ತೋಟಕ್ಕೆ ಈ ವರ್ಷ ಕಾಲುವೆ ಹೂಳನ್ನೇ ಎತ್ತಿ ಹಾಕ್ಸು, ಅದೂ ನಮ್ಮ ಬೆಟ್ಟದಿಂದ ಇಳಿದು ಬಂದ ಮಣ್ಣೇ.

ಆಯಿ, ಅಪ್ಪೆಮಿಡಿ ಡಬ್ಬಿ ಮುಗೀತು. ಗುಂಡಿ ತೋಡೋ ದಿನ ಅಪ್ಪನ ಬಿಸಿಲಲ್ಲಿ ಒಬ್ಬನೇ ಬಿಡಬೇಡ.

ನಿಮ್ಮ ಕೂಸು