ಶನಿವಾರ ಆಂಟೆನಾ ಕೆಲಸ, ಏಣಿ ಬೇಕಾದವರು ಹೆಸರು ಹಾಕಿ

ಕ್ಯಾಲಿಫೋರ್ನಿಯಾದ ಮೌಂಟನ್ ಹೌಸ್ ಊರಿನ ಗೆಳೆಯರೆಲ್ಲರಿಗೂ ನಮಸ್ಕಾರ.

ಮನೆ ಮೇಲೆ ಟಿವಿ ಆಂಟೆನಾ ಹಾಕಬೇಕೆಂದು ಕೇಳಿದವರಿಗೆ ಈ ಶನಿವಾರ ಬೆಳಿಗ್ಗೆ 9ಕ್ಕೆ ಸಹಾಯಕ್ಕೆ ಬರುತ್ತೇವೆ.

ಸ್ಯಾನ್ ಫ್ರಾನ್ಸಿಸ್ಕೋದ ಸೂಟ್ರೋ ಟವರ್ (ಟಿವಿ ಪ್ರಸಾರದ ಗೋಪುರ) ಕಡೆ ಆಂಟೆನಾ ತಿರುಗಿಸಿ ಸುಮ್ನೆ ಒದ್ದಾಡಬೇಡಿ, ಮಧ್ಯೆ ಆಲ್ಟಮಾಂಟ್ ಗುಡ್ಡಗಳು ಅಡ್ಡ ಇವೆ. ಉತ್ತರಕ್ಕೆ ಸುಮಾರು 30 ಮೈಲಿ ದೂರದ ವಾಲ್ನಟ್ ಗ್ರೋವ್‌ನಲ್ಲಿ 600 ಮೀಟರಿಗೂ ಎತ್ತರದ ಟಿವಿ ಟವರ್‌ಗಳಿವೆ, ಆ ಕಡೆ ತಿರುಗಿಸಿ. ದಾರಿಯುದ್ದಕ್ಕೂ ಡೆಲ್ಟಾದ (ನದೀಮುಖದ) ಬಯಲು, ಸಿಗ್ನಲ್ ಚೆನ್ನಾಗಿ ಬರುತ್ತದೆ. ಆದರೆ ಪಿಬಿಎಸ್‌ನ (ಅಮೆರಿಕದ ಸಾರ್ವಜನಿಕ ಟಿವಿ ಜಾಲ) ಕೆವಿಐಇ ಚಾನೆಲ್ ವಿಎಚ್‌ಎಫ್ ಎಂಬ ಕಡಿಮೆ ಫ್ರೀಕ್ವೆನ್ಸಿಯಲ್ಲಿದೆ. ಬರೀ ಯುಎಚ್‌ಎಫ್ (ಹೆಚ್ಚು ಫ್ರೀಕ್ವೆನ್ಸಿಯ) ಆಂಟೆನಾ ಕೊಂಡರೆ ಮಕ್ಕಳ ಆ ಚಾನೆಲ್ಲೇ ಕೈತಪ್ಪಬಹುದು. ವಿಎಚ್‌ಎಫ್‌ಗೆ ಬೇಕಾದ ಉದ್ದ ಕಡ್ಡಿಗಳೂ ಇರುವುದನ್ನೇ ತನ್ನಿ.

ಕೇಬಲ್ ಆರ್‌ಜಿ-6 (ಟಿವಿಗೆ ಬಳಸುವ ಕೋಆಕ್ಸಿಯಲ್ ಕೇಬಲ್) ಇರಲಿ. ಆಂಪ್ಲಿಫೈಯರ್ ಬೇಕಾದರೆ ಆಂಟೆನಾ ಪಕ್ಕದಲ್ಲೇ ಹಾಕಬೇಕು. ಟಿವಿ ಹತ್ತಿರ ಹಾಕಿದರೆ, ಕೇಬಲ್‌ನಲ್ಲಿ ಸೊರಗಿ ಬಂದ ಸಿಗ್ನಲ್ ಜೊತೆ ಗದ್ದಲವೂ ದೊಡ್ಡದಾಗುತ್ತದೆ, ಅಷ್ಟೇ. ಕೂರಿಸಿದ ಮೇಲೆ ಚಾನೆಲ್ ಸ್ಕ್ಯಾನ್ ಮತ್ತೆ ಮಾಡಿ. ಅರ್ಥಿಂಗ್ ಮಾತ್ರ ದಯವಿಟ್ಟು ಬಿಡಬೇಡಿ. ಕರೆಂಟ್ ತಂತಿ ಹತ್ತಿರವಿದ್ದರೆ ನಾವು ಏಣಿ ಹತ್ತುವುದಿಲ್ಲ.

ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಬೇಡ ಅನ್ನುತ್ತದೆಂಬ ಭಯ ಜಾಸ್ತಿ ಜನಕ್ಕಿದೆ, ಅಲ್ವಾ? ಸ್ವಂತ ಮನೆಯ ಸ್ವಂತ ಛಾವಣಿಯಾದರೆ ಎಫ್‌ಸಿಸಿ (ಅಮೆರಿಕದ ಸಂಪರ್ಕ ಆಯೋಗ) ನಿಯಮ ನಿಮ್ಮ ಪರವಾಗಿದೆ.

ಬೇಕಾದವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು, ಛಾವಣಿಯ ಫೋಟೋ ಹಾಕಿ. ಉದ್ದ ಏಣಿ ಇರುವವರು ದಯವಿಟ್ಟು ತಿಳಿಸಿ.