ಗದ್ದೆಯ ಆಮೆ, ಕಡಲ ಆಮೆ: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಏಳನೇ ತರಗತಿಯ ಕೆಲವು ಮಕ್ಕಳು ಗದ್ದೆ ಬದಿಯ ರಸ್ತೆಯಲ್ಲಿ ಸಿಕ್ಕಿದ ಆಮೆಯನ್ನು ಕಡಲಿಗೆ ಬಿಟ್ಟಿದ್ದರು. ಅದಕ್ಕೆ ನಾವು ಬುದ್ಧಿ ಹೇಳಿದ್ದು ನಿಮ್ಮಲ್ಲಿ ಕೆಲವರಿಗೆ ಬೇಸರ ತಂದಿದೆ. "ಜೀವ ಉಳಿಸಿದ ಮಕ್ಕಳಿಗೆ ಬೈಯೋದಾ?" ಎಂದು ಫೋನ್ ಮಾಡಿ ಕೇಳಿದವರೂ ಇದ್ದಾರೆ. ಯಾರಿಗೂ ಶಿಕ್ಷೆ ಕೊಟ್ಟಿಲ್ಲ. ಮಕ್ಕಳ ಮನಸ್ಸು ತುಂಬಾ ಒಳ್ಳೆಯದು, ಅದು ನಮಗೂ ಹೆಮ್ಮೆ. ಆದರೆ ಆ ಆಮೆ ಕಡಲಿನದಲ್ಲ. ಮಳೆಗಾಲದಲ್ಲಿ ದೊಡ್ಡವರಿಲ್ಲದೆ ಮಕ್ಕಳು ಕಡಲ ದಡಕ್ಕೆ ಹೋಗಿದ್ದನ್ನಂತೂ ಒಪ್ಪಲು ಸಾಧ್ಯವೇ ಇಲ್ಲ.

ಹೊನ್ನಾವರದ ಕರಾವಳಿಯ ಮಕ್ಕಳಿಗೆ ಆಮೆ ಎಂದರೆ ಕಡಲಾಮೆಯೇ ನೆನಪಾಗುವುದು ಸಹಜ, ಕಾಸರಕೋಡು ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲೆ ಮೊಟ್ಟೆ ಇಡುವ ಸುದ್ದಿ ಕೇಳುತ್ತಲೇ ಬೆಳೆದವರು ಅವರು. ಕಡಲಾಮೆಯ ಮುಂಗಾಲುಗಳು ದೋಣಿಯ ಹುಟ್ಟಿನಂತೆ ಚಪ್ಪಟೆ. ತಲೆ, ಕಾಲುಗಳನ್ನು ಚಿಪ್ಪಿನೊಳಗೆ ಎಳೆದುಕೊಳ್ಳಲು ಅದಕ್ಕೆ ಬರುವುದಿಲ್ಲ. ಮೈಗೆ ಸೇರಿದ ಉಪ್ಪನ್ನು ಹೊರಹಾಕಲು ಕಣ್ಣಿನ ಹತ್ತಿರ ಗ್ರಂಥಿಗಳಿವೆ, ದಡಕ್ಕೆ ಬಂದ ತಾಯಿ ಆಮೆ ಅಳುವಂತೆ ಕಾಣುವುದು ಅದರಿಂದಲೇ.

ಮಕ್ಕಳಿಗೆ ಸಿಕ್ಕಿದ್ದು ಕೆರೆ, ಗದ್ದೆ, ಹೊಂಡಗಳ ಮೆತ್ತನೆ ಚಿಪ್ಪಿನ ಆಮೆ. ಬೆರಳುಗಳ ನಡುವೆ ಚರ್ಮವಿದ್ದು ನಿಂತ ನೀರಿನಲ್ಲಿ ಚೆನ್ನಾಗಿ ಈಜುತ್ತದೆ. ಬೇಸಿಗೆಯಲ್ಲಿ ಹೊಂಡ ಬತ್ತಿದರೆ ಕೆಸರಿನೊಳಗೆ ಹೂತುಕೊಂಡು, ಹಿಂಗಾಲುಗಳನ್ನು ಹೊಟ್ಟೆಯಡಿಯ ಚರ್ಮದ ಮಡಿಕೆಗಳಿಂದ ಮುಚ್ಚಿಕೊಂಡು ಮಳೆ ಬರುವವರೆಗೆ ಕಾಯುತ್ತದೆ. ಮಳೆ ಶುರುವಾದ ಮೇಲೆ ಒಂದು ಹೊಂಡದಿಂದ ಇನ್ನೊಂದಕ್ಕೆ ನೆಲದ ಮೇಲೆಯೇ ನಡೆದು ಹೋಗುತ್ತದೆ. ಅದು ದಾರಿ ತಪ್ಪಿರಲಿಲ್ಲ, ತನ್ನ ದಾರಿಯಲ್ಲೇ ಹೋಗುತ್ತಿತ್ತು. ಉಪ್ಪುನೀರಿನಲ್ಲಿ ಅದು ಹೆಚ್ಚು ದಿನ ಬದುಕುವುದಿಲ್ಲ. ಅಲೆ ದಡಕ್ಕೆ ತಳ್ಳಿದ್ದನ್ನು ಮೀನುಗಾರರೊಬ್ಬರು ಎತ್ತಿಕೊಂಡು ಬಂದರು, ನಮ್ಮ ಶಿಕ್ಷಕರು ಅದೇ ಗದ್ದೆ ಹತ್ತಿರ ಬಿಟ್ಟರು. ಬಯಲುಸೀಮೆಯ ನಕ್ಷತ್ರ ಆಮೆಯಾಗಿದ್ದರೆ ಇನ್ನೂ ಕಷ್ಟವಿತ್ತು, ಕುರುಚಲು ಕಾಡಿನಲ್ಲಿ ನಡೆಯುವ ಆ ಆಮೆಗೆ ಈಜಲು ಬರುವುದಿಲ್ಲ.

ಇನ್ನು ಬಾವಿಯ ವಿಷಯ. ಇದನ್ನು ಹೇಳಿದರೆ ಬೇಸರವಾಗುತ್ತದೆ ಎಂದು ಗೊತ್ತು. "ಅಜ್ಜನ ಕಾಲದಿಂದ ನಮ್ಮ ಬಾವಿಯಲ್ಲಿ ಆಮೆ ಇದೆ, ನೀರು ಸ್ವಚ್ಛ ಇರುತ್ತೆ" ಎನ್ನುತ್ತೀರಿ. ನಿಮ್ಮ ಹಿರಿಯರನ್ನು ತಪ್ಪು ಎನ್ನುತ್ತಿಲ್ಲ, ಪ್ರೀತಿಯಿಂದಲೇ ಬಿಟ್ಟಿರುತ್ತಾರೆ. ಆದರೆ ಬಾವಿಯಲ್ಲಿ ನೀರಿದ್ದರೆ ಸಾಕೇ? ಮೊಟ್ಟೆ ಇಡಲು ಮಣ್ಣು ಬೇಕು, ಬಿಸಿಲು ಕಾಯಲು ದಡ ಬೇಕು, ಕಲ್ಲು ಕಟ್ಟಿದ ಬಾವಿಯಿಂದ ಅದು ಹತ್ತಿ ಬರುವುದಾದರೂ ಹೇಗೆ? ಮನೆಯ ತೊಟ್ಟಿಗೂ ಇದೇ ಮಾತು. ಅದೃಷ್ಟಕ್ಕೆ ಅಂತ ಸಾಕುವುದೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈ ಆಮೆಗಳನ್ನು ಹಿಡಿಯುವುದು, ಇಟ್ಟುಕೊಳ್ಳುವುದು ಅಪರಾಧ. ಹೆದರಿಸಲು ಹೇಳುತ್ತಿಲ್ಲ, ನಿಮಗೆ ಗೊತ್ತಿರಲಿ ಅಂತ ಅಷ್ಟೇ.

ಈಗಾಗಲೇ ಬಾವಿಯಲ್ಲಿ ಆಮೆ ಇದ್ದರೆ ನೀವೇ ಎಲ್ಲಿಗೋ ಒಯ್ದು ಬಿಡಬೇಡಿ, ಅರಣ್ಯ ಇಲಾಖೆಯವರನ್ನು ಕೇಳಿ. ರಸ್ತೆ ದಾಟುತ್ತಿರುವ ಆಮೆ ಕಂಡರೆ ದೊಡ್ಡವರು ವಾಹನ ನೋಡಿಕೊಂಡು, ಅದು ಮುಖ ಮಾಡಿರುವ ಕಡೆಗೇ ರಸ್ತೆ ದಾಟಿಸಿ ಬಿಟ್ಟರೆ ಸಾಕು.

ಆಮೆ ಕಂಡರೆ ಎತ್ತಿಕೊಳ್ಳದೆ ದೊಡ್ಡವರನ್ನು ಕರೆಯಬೇಕು ಎಂದು ಮನೆಯಲ್ಲೂ ಮಕ್ಕಳಿಗೆ ಹೇಳಿ.

ಇನ್ನೂ ಅಸಮಾಧಾನ ಇರುವವರು ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ, ಕೂತು ಮಾತಾಡೋಣ.

ನಿಮ್ಮ,
ಮುಖ್ಯ ಶಿಕ್ಷಕಿ