ನೀಲಿ ಪರದೆ ಬಂತು ಅಂತ ಫಾರ್ಮ್ಯಾಟ್ ಮಾಡಿಸಬೇಡಿ

ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರದ ಭೋಸರಿ, ಚಿಂಚವಾಡದ ವರ್ಕ್‌ಶಾಪ್‌ಗಳಲ್ಲಿ ಹಳೇ ಕಂಪ್ಯೂಟರ್ ಇಟ್ಟುಕೊಂಡಿರುವ ನಮ್ಮವರು ದಯವಿಟ್ಟು ಓದಿ.

ವಿಂಡೋಸ್ ಶುರುವಾಗುವಾಗ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ಬಂದರೆ ಡಿಸ್ಕ್ ಸತ್ತೇಹೋಯಿತು ಅಂದುಕೊಳ್ಳಬೇಡಿ. ಎಷ್ಟೋ ಸಲ ಡಿಸ್ಕ್ ಕಂಟ್ರೋಲರ್‌ಗೆ ಸರಿಯಾದ ಡ್ರೈವರ್ (ಅದನ್ನು ವಿಂಡೋಸ್ ಗುರುತಿಸಲು ಬೇಕಾದ ಸಾಫ್ಟ್‌ವೇರ್) ಲೋಡ್ ಆಗಿರುವುದಿಲ್ಲ, ಅಷ್ಟೇ. ಲೆಕ್ಕಪತ್ರ ಎಲ್ಲ ಒಳಗೆ ಹಾಗೇ ಇರುತ್ತದೆ. ಸುಮ್ನೆ ಅಳಿಸಿಬಿಟ್ಟರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಮೊದಲು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಸಾಟಾ ಮೋಡ್, ಅಂದರೆ ಡಿಸ್ಕ್ ಜೊತೆ ಮಾತಾಡುವ ರೀತಿ, ಏನಿದೆ ನೋಡಿ. ಮದರ್‌ಬೋರ್ಡಿನ ಸಿಆರ್2032 ಅನ್ನುವ ನಾಣ್ಯದಂಥ ಸೆಲ್ ಮುಗಿದಿದ್ದರೆ, ಕರೆಂಟ್ ಹೋಗಿ ಬಂದಾಗ ಸೆಟ್ಟಿಂಗ್ ಅಳಿಸಿಹೋಗಿ ಈ ಮೋಡ್ ಎಎಚ್‌ಸಿಐ ಇದ್ದದ್ದು ಐಡಿಇ ಅಥವಾ ರೇಡ್ ಆಗಿರಬಹುದು. ಗಡಿಯಾರದ ತಾರೀಖೂ ಹಿಂದಕ್ಕೆ ಹೋಗಿದ್ದರೆ ಅನುಮಾನ ಇನ್ನೂ ಜಾಸ್ತಿ. ಮೊದಲಿದ್ದ ಮೋಡ್‌ಗೆ ತನ್ನಿ, ಸೆಲ್ ಬದಲಿಸಿ. ಎರಡು ಡಿಸ್ಕ್ ಸೇರಿಸಿ ರೇಡ್ ಮಾಡಿದವರು ಮಾತ್ರ ಮೋಡ್ ಬದಲಿಸಿ ಪ್ರಯೋಗ ಮಾಡಬೇಡಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ರಿಕವರಿ ಕೀ ಕೈಯಲ್ಲಿಟ್ಟುಕೊಂಡೇ ಬಯಾಸ್ ಮುಟ್ಟಿ.

ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹಾಕುವಾಗ ಡಿಸ್ಕೇ ಕಾಣದಿದ್ದರೆ ಅದಕ್ಕೆ ಕಾರಣ ಬಹುಶಃ ವಿಎಂಡಿ, ಅಂದರೆ ಡಿಸ್ಕ್ ನೋಡಿಕೊಳ್ಳುವ ಇಂಟೆಲ್‌ನದೇ ವ್ಯವಸ್ಥೆ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಅದರ ಡ್ರೈವರ್ ಪೆನ್‌ಡ್ರೈವ್‌ಗೆ ಹಾಕಿ, ‘ಲೋಡ್ ಡ್ರೈವರ್’ ಒತ್ತಿ.

ಅಂಗಡಿಗೆ ಒಯ್ಯುವ ಮೊದಲು ಪರದೆಯ ಫೋಟೋ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.